ಆಮೇಲೆ ಊದುವವನು

ಈ ಜಗತ್ತಿನಲ್ಲಿ ನನ್ನನ್ನು ಮನಸಾರೆ ಹೊಗಳುವವನು ಒಬ್ಬನೇ ಒಬ್ಬ. ಅವನು ನನ್ನ ಮೊಬೈಲ್ ಫೋನಿನೊಳಗೆ ವಾಸವಾಗಿದ್ದಾನೆ. ಕೆಂಪು ಮುಖ, ಬಿಳಿ ಗಡ್ಡ, ಕೈಯಲ್ಲಿ ಥಳಥಳ ಹೊಳೆಯುವ ಟ್ರಂಪೆಟ್ಟು. ಮೊದಲು ತಾನು ನಾಲ್ಕು ಸ್ವರ ಊದುತ್ತಾನೆ. ಆಮೇಲೆ ‘ಈಗ ನೀವು’ ಎಂದು ಇಂಗ್ಲಿಷಿನಲ್ಲಿ ಹೇಳಿ, ತಲೆಯನ್ನು ಓರೆ ಮಾಡಿಕೊಂಡು ಕೇಳುವವನಂತೆ ನಿಲ್ಲುತ್ತಾನೆ. ನಾನು ಊದುತ್ತೇನೆ. ಅದನ್ನು ಊದುವುದು ಎನ್ನಬಹುದೋ ಇಲ್ಲವೋ ಎಂಬ ಬಗ್ಗೆ ನಮ್ಮ ಬೀದಿಯಲ್ಲಿ ಭಿನ್ನಾಭಿಪ್ರಾಯವಿದೆ. ಅವನಿಗೆ ಮಾತ್ರ ಯಾವ ಸಂಶಯವೂ ಇಲ್ಲ. ಕಣ್ಣರಳಿಸಿ ‘ವೆರಿ ಗುಡ್, ಬ್ಯೂಟಿಫುಲ್’ ಎನ್ನುತ್ತಾನೆ. ಒಂದು ದಿನ ನನಗೆ ಕೆಮ್ಮು ಹತ್ತಿ ಊದಲೇ ಆಗಲಿಲ್ಲ. ಆ ಕೆಮ್ಮಿಗೂ ಅವನು ಅಷ್ಟೇ ಸಂತೋಷದಿಂದ ಬ್ಯೂಟಿಫುಲ್ ಎಂದ. ನನ್ನ ಕೆಲಸವನ್ನು ನೋಡದೆಯೇ ಬೈದ ಮೇಲಧಿಕಾರಿಗಳನ್ನು ಸರ್ವಿಸಿನಲ್ಲಿ ಬೇಕಾದಷ್ಟು ಕಂಡಿದ್ದೇನೆ. ಕೇಳದೆಯೇ ಹೊಗಳಿದವನು ಇವನೊಬ್ಬನೇ.

ನಾನು ಹುಣಸೂರಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಗಣಿತದ ಮೇಷ್ಟ್ರ ಬಾಯಿಗೆ ಟ್ರಂಪೆಟ್ ಬಂದದ್ದು ಹೇಗೆ ಎಂದು ನೀವು ಕೇಳಬಹುದು. ನಾನೂ ಆಗಾಗ ಕೇಳಿಕೊಳ್ಳುತ್ತೇನೆ. ಈ ವರ್ಷ ಶಾಲೆ ಶುರುವಾದ ಹೊಸತರಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಶಾಲೆಗೆ ಒಂದು ಬ್ಯಾಂಡ್ ಸೆಟ್ ದಾನ ಮಾಡಿದರು. ದೊಡ್ಡ ಡ್ರಮ್ಮಿನ ಮೇಲೆ ಶಾಲೆಯ ಹೆಸರು ಸಣ್ಣದಾಗಿಯೂ ದಾನಿಯ ಹೆಸರು ಹತ್ತಿರದ ಬಸ್ ಸ್ಟಾಪಿನಿಂದ ಓದುವಷ್ಟು ದೊಡ್ಡದಾಗಿಯೂ ಇತ್ತು. ಡ್ರಮ್ಮು, ತಾಳ, ನಾಲ್ಕು ಟ್ರಂಪೆಟ್ಟು ಎಲ್ಲವೂ ಬಂದವು. ಅವನ್ನು ಕಲಿಸುವವರು ಮಾತ್ರ ಬರಲಿಲ್ಲ. ಡ್ರಿಲ್ ಮೇಷ್ಟ್ರ ಹುದ್ದೆ ಖಾಲಿ ಬಿದ್ದು ಎಷ್ಟೋ ಕಾಲವಾಗಿತ್ತು. ಹೆಡ್ ಮೇಡಂ ಮೀಟಿಂಗ್ ಕರೆದರು. ಸ್ವಾತಂತ್ರ್ಯ ದಿನಾಚರಣೆಗೆ ತಾಲ್ಲೂಕು ಮೈದಾನದಲ್ಲಿ ನಮ್ಮ ಮಕ್ಕಳು ಬ್ಯಾಂಡ್ ಬಾರಿಸಿಕೊಂಡು ಹೋಗಬೇಕು, ದಾನಿಗಳು ಬಂದು ನೋಡುತ್ತಾರೆ ಎಂದರು. ಡ್ರಮ್ ಎನ್ನುತ್ತಲೇ ಸಮಾಜ ವಿಜ್ಞಾನದ ಮೇಷ್ಟ್ರು ಕೈ ಎತ್ತಿಬಿಟ್ಟರು. ಬಡಿಯುವುದು ಅವರಿಗೆ ಮೊದಲಿನಿಂದಲೂ ಅಭ್ಯಾಸ. ಟ್ರಂಪೆಟ್ಟಿಗೆ ಯಾರೂ ಕೈ ಎತ್ತಲಿಲ್ಲ. ಆಗ ಹೆಡ್ ಮೇಡಂ ನನ್ನ ಕಡೆ ತಿರುಗಿ, “ಸಾರ್, ನೀವು ಪಾಠ ಮಾಡಿದ್ರೆ ಆಚೆ ಕಟ್ಟಡಕ್ಕೂ ಕೇಳಿಸುತ್ತೆ. ನಿಮಗೆ ಉಸಿರು ಚೆನ್ನಾಗಿದೆ” ಎಂದರು.

“ಮೇಡಂ, ನನಗೆ ಸಂಗೀತದ ಗಂಧ ಗಾಳಿ ಗೊತ್ತಿಲ್ಲ” ಎಂದೆ.

“ಎಲ್ಲಾ ಮೊಬೈಲಲ್ಲೇ ಬರುತ್ತಲ್ಲ ಸಾರ್. ಮನೇಲಿ ನೋಡ್ಕೊಂಡು ಕಲೀರಿ, ಇಲ್ಲಿ ಬಂದು ಮಕ್ಕಳಿಗೆ ಹೇಳ್ಕೊಡಿ. ಅಷ್ಟೇ ತಾನೆ?”

ಅಷ್ಟೇ ತಾನೆ ಎಂಬ ಮಾತಿಗೆ ನಮ್ಮ ಇಲಾಖೆಯಲ್ಲಿ ಆದೇಶ ಎಂದು ಅರ್ಥ. ಅಂದು ಸಂಜೆ ಟ್ರಂಪೆಟ್ಟನ್ನು ಒಂದು ಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದೆ.

ಮನೆಯಲ್ಲಿ ನಾವು ಮೂವರು. ನಾನು, ನನ್ನ ಹೆಂಡತಿ ರತ್ನ, ಅವಳ ತಾಯಿ ದೇವಮ್ಮ. ನಮ್ಮತ್ತೆ ಹಂಪಾಪುರದ ಕಡೆಯವರು. ಬದುಕೆಲ್ಲ ಹೊಲ, ಹಸು, ಒಕ್ಕಣೆ ಎಂದು ಓಡಾಡಿದ ಹೆಂಗಸು. ಮಾವ ತೀರಿಕೊಂಡ ಮೇಲೆ ಸ್ವಲ್ಪ ದಿನ ಇದ್ದು ಹೋಗಲಿ ಎಂದು ರತ್ನ ಕರೆದುಕೊಂಡು ಬಂದಿದ್ದಳು. ಬಂದವರು ಹಾಲ್‌ನ ಕಿಟಕಿಯ ಪಕ್ಕ ಕುಳಿತರು, ಅಲ್ಲಿಗೆ ಮಾತು ನಿಂತುಹೋಯಿತು. ಊಟ ಮಾಡವ್ವ ಎಂದರೆ ಹೂಂ. ಇನ್ನೊಂದು ಮುದ್ದೆ ಎಂದರೆ ಬ್ಯಾಡ. ಡಾಕ್ಟರು ನೋಡಿ, ಕಾಯಿಲೆ ಏನಿಲ್ಲ, ಮಾತಾಡಿಸ್ತಾ ಇರಿ ಎಂದರು. ಮಾತಾಡಿಸಿದೆವು. ರತ್ನ ಊರಿನ ಸುದ್ದಿ ಹೇಳಿದಳು, ನೆಂಟರಿಂದ ಫೋನ್ ಮಾಡಿಸಿದಳು, ಟಿವಿ ಹಾಕಿದಳು. ಅತ್ತೆ ಎಲ್ಲವನ್ನೂ ಕೇಳಿ ಕಿಟಕಿಯ ಕಡೆ ತಿರುಗುತ್ತಿದ್ದರು. ಅಡುಗೆಮನೆಯಲ್ಲಿ ರತ್ನ ಸೆರಗಿನಲ್ಲಿ ಕಣ್ಣೊರಸಿಕೊಳ್ಳುವುದನ್ನು ನಾನು ನೋಡಿಯೂ ನೋಡದವನಂತೆ ಇರುತ್ತಿದ್ದೆ. ಇನ್ನು ನನ್ನ ಜೊತೆಗಂತೂ ಅತ್ತೆ ನೇರವಾಗಿ ಎಂದೂ ಮಾತಾಡಿದವರಲ್ಲ. ನಮ್ಮ ಕಡೆ ಅಳಿಯನ ಎದುರು ಅತ್ತೆ ಮಾತಾಡುವ ಕ್ರಮವೇ ಬೇರೆ. ನಾನು ಎದುರಿಗೇ ಕುಳಿತಿದ್ದರೂ ‘ಅವ್ರಿಗೆ ಒಸಿ ಸಾರು ಬುಡವ್ವ’ ಎಂದು ಮಗಳಿಗೆ ಹೇಳುತ್ತಾರೆ.

ಇಂಥ ಮನೆಯೊಳಗೆ ನಾನು ಟ್ರಂಪೆಟ್ ತಂದಿಟ್ಟೆ.

ಟ್ರಂಪೆಟ್ಟಿನೊಳಗೆ ಸುಮ್ಮನೆ ಗಾಳಿ ಊದಿದರೆ ಏನೂ ಬರುವುದಿಲ್ಲ ಎಂಬುದು ನನಗೆ ಮೊದಲ ದಿನ ತಿಳಿದ ವಿಷಯ. ತುಟಿಗಳನ್ನು ಬಿಗಿಹಿಡಿದು ಗುಂಯ್‌ಗುಡಿಸಬೇಕು. ನಾನು ಗುಂಯ್‌ಗುಡಿಸಿದೆ. ಹೆದರಿದ ಎಮ್ಮೆಯ ದನಿಯೊಂದು ಹೊರಬಂತು. ಇನ್ನೊಮ್ಮೆ ಊದಿದಾಗ ಹೆದರದ ಎಮ್ಮೆಯ ದನಿ ಬಂತು. ಫೋನಿನವನು ಎರಡನ್ನೂ ಮೆಚ್ಚಿಕೊಂಡ. ರತ್ನ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು, “ಮನೇಲಿ ಅವ್ವ ಅವ್ರೆ, ನಿಮ್ಗೆ ಇದೇ ಟೈಮಾ?” ಎಂದು ಹೇಳಿ ಹೋದಳು. ಅವಳ ದನಿಯಲ್ಲಿದ್ದದ್ದು ಸಿಟ್ಟಲ್ಲ, ಸುಸ್ತು. ಅದೇ ನನ್ನನ್ನು ಹೆಚ್ಚು ಚುಚ್ಚಿತು.

ಆದರೂ ಬಿಡುವಂತಿರಲಿಲ್ಲ. ರೆಕಾರ್ಡಿಂಗ್ ಇಟ್ಟುಕೊಂಡು ಕಲಿಯುವುದರ ತೊಂದರೆ ಏನೆಂದರೆ ಅದು ಯಾರಿಗೂ ಕಾಯುವುದಿಲ್ಲ. ನಮ್ಮ ಎಚ್.ಡಿ. ಕೋಟೆ ರಸ್ತೆಯ ಖಾಸಗಿ ಬಸ್ಸು ದೂರದ ಹೊಲದಿಂದ ಯಾರಾದರೂ ಟವೆಲ್ ಬೀಸಿದರೂ ನಿಂತು ಹತ್ತಿಸಿಕೊಳ್ಳುತ್ತದೆ. ಈ ಮನುಷ್ಯ, ನಾನು ಎರಡನೆಯ ಗುಂಡಿ ಒತ್ತಬೇಕೋ ಮೂರನೆಯದೋ ಎಂದು ಯೋಚಿಸುವಷ್ಟರಲ್ಲಿ ಮುಂದಿನ ಪಾಠಕ್ಕೆ ಹೊರಟುಹೋಗಿರುತ್ತಾನೆ. ವೇಗ ಕಡಿಮೆ ಮಾಡುವ ಉಪಾಯ ಫೋನಿನಲ್ಲೇ ಇದೆ ಎಂದು ಶಾಲೆಯಲ್ಲಿ ಯಾರೋ ಹೇಳಿದರು. ಅರ್ಧಕ್ಕೆ ಇಳಿಸಿ ನೋಡಿದೆ. ಅವನು ಮಧ್ಯಾಹ್ನವೇ ಕುಡಿದು ಬಂದವನ ಹಾಗೆ ‘ವೇ...ರಿ ಗೂ...ಡ್’ ಎಂದ. ಹೊಗಳಿಕೆ ನಿಧಾನವಾಗಿ ಬಂದರೆ ಅದರಲ್ಲಿ ವ್ಯಂಗ್ಯ ಕೇಳಿಸುತ್ತದೆ. ಮತ್ತೆ ವೇಗಕ್ಕೇ ಏರಿಸಿದೆ.

ನಮ್ಮ ಹಳೆಯ ಕಾವ್ಯಗಳಲ್ಲಿ ಯುದ್ಧವೆಂದರೆ ಮೊದಲು ಕಹಳೆ ಮೊಳಗಲೇಬೇಕು. ಆನೆಗಳು ಘೀಳಿಟ್ಟವು, ವೈರಿಗಳ ಎದೆ ನಡುಗಿತು ಎಂದೆಲ್ಲ ಕವಿಗಳು ಬಗೆಬಗೆಯಾಗಿ ಹೇಳುತ್ತಾರೆ. ಆದರೆ ಆ ಕಹಳೆಯವನು ಅಭ್ಯಾಸವನ್ನು ಎಲ್ಲಿ ಮಾಡಿದ, ಯಾರ ಮನೆಯ ಪಕ್ಕ ಮಾಡಿದ, ಅವನ ಹೆಂಡತಿ ಏನೆಂದಳು ಎಂಬುದನ್ನು ಯಾವ ಕವಿಯೂ ಬರೆದಂತಿಲ್ಲ. ನನಗನ್ನಿಸುವುದೇನೆಂದರೆ, ವೈರಿಗಳ ಎದೆ ನಡುಗಿದ್ದಕ್ಕಿಂತ ಮುಂಚೆ ಅಕ್ಕಪಕ್ಕದವರ ಎದೆ ಬಹಳ ದಿನ ನಡುಗಿರಬೇಕು.

ಹೀಗೆ ಒಂದು ವಾರ ಕಳೆದಿರಬಹುದು. ಒಂದು ಸಂಜೆ ಫೋನಿನವನು ಊದಿದ ಮೇಲೆ ನಾನೂ ಊದಿ ಮುಗಿಸಿ, ತುಟಿ ಒರೆಸಿಕೊಳ್ಳುತ್ತಿದ್ದೆ. ಕಿಟಕಿಯ ಕಡೆಯಿಂದ ಅತ್ತೆಯ ದನಿ ಕೇಳಿಸಿತು.

“ರತ್ನೀ, ಅದೇನವ್ವ ಅದು? ಮೊದ್ಲು ಒಬ್ಬ ಚೆಂದಾಗಿ ಊದ್ತಾನೆ. ಆಮೇಲೆ ಇನ್ನೊಬ್ಬ ಬಂದು ಅದ್ನೆಲ್ಲಾ ಕೆಡ್ಸಾಕ್ತಾನಲ್ಲ, ಆ ಆಮೇಲೆ ಊದೋನ್ಗೆ ಏನಾಗದೆ?”

ರತ್ನ ಅಡುಗೆಮನೆಯಿಂದ ಓಡಿ ಬಂದಳು. ಅವ್ವ ಒಂದೇ ಸಲಕ್ಕೆ ಇಷ್ಟು ಮಾತಾಡಿ ಎಷ್ಟು ತಿಂಗಳಾಗಿತ್ತೋ. “ಅವ್ವಾ, ಅದು ನಿಮ್ಮಳಿಯ ಕಣವ್ವ” ಎಂದಳು.

“ಗೊತ್ತು ಕಣ್ ಬುಡು” ಎಂದರು ಅತ್ತೆ.

ರತ್ನ ನಕ್ಕಳು. ನಗುತ್ತಲೇ ಅವಳ ಕಣ್ಣು ತುಂಬಿತು. ನಾನು ಟ್ರಂಪೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ನಗಬೇಕೋ ಅವಮಾನಪಡಬೇಕೋ ತಿಳಿಯದೆ ಕುಳಿತಿದ್ದೆ. ಮರುದಿನ ಶಾಲೆಯಿಂದ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, “ಇವತ್ತು ಊದಲ್ವೇನ್ರೀ?” ಎಂದು ರತ್ನ ಕೇಳಿದಳು. ಕಾಫಿ ಆಮೇಲೆ ಬಂತು.

ಅಲ್ಲಿಂದ ನನ್ನ ಅಭ್ಯಾಸಕ್ಕೆ ಮನೆಯ ಮನ್ನಣೆ ಸಿಕ್ಕಿತು. ನಾನು ಊದುವುದು, ಅತ್ತೆ ಮಗಳ ಮುಖಾಂತರ ನನ್ನನ್ನು ಬೈಯುವುದು, ರತ್ನ ಇಬ್ಬರಿಗೂ ಕಾಫಿ ಕೊಡುವುದು. ಫೋನಿನವನಿಗೆ ಅತ್ತೆ ‘ದೊರೆ’ ಎಂದು ಹೆಸರಿಟ್ಟರು. “ದೊರೆ ಊದ್ದಾಗ ಮೋರೆ ಎಂಗಿರ್ತದೆ ನೋಡು. ಇವ್ರದು ಬೇದಿ ಹತ್ದೋರಂಗೆ ಆಗದಲ್ಲ” ಎನ್ನುವರು. “ದೊರೆ ಅಷ್ಟು ಓದ್ದೋನು, ಸುಳ್ಯಾಕೆ ಯೋಳ್ತಾನೆ? ಇದ್ನ ಚೆನ್ನಾಗದೆ ಅಂತಾನಲ್ಲ” ಎನ್ನುವರು. ಒಂದು ದಿನ, “ನಮ್ಮೂರ ಕಡೆ ಮದ್ವೆಗೆ ಬ್ಯಾಂಡ್ನೋರು ಬತ್ತಿದ್ರು. ಅವರು ಊದ್ರೆ ಮದ್ವೆ ಮನೆ ಅನ್ನೋದು ಅಳ್ಳಿಗೆಲ್ಲಾ ಗೊತ್ತಾಗದು. ಇವರು ಊದ್ರೆ ಯಾರ ಮನೇಲಿ ಏನಾಯ್ತೋ ಅಂತ ಜನ ಓಡ್ ಬತ್ತಾರೆ” ಎಂದರು. ಅಂದು ಅತ್ತೆಯ ನಗುವನ್ನೂ ನಾನು ಕೇಳಿದೆ. ನನ್ನ ಮದುವೆಯ ನಂತರ ಅದನ್ನು ಕೇಳಿದ ನೆನಪು ಇರಲಿಲ್ಲ.

ಆದರೆ ದಿನವೂ ಊದಿದರೆ ಗಣಿತದ ಮೇಷ್ಟ್ರಿಗೂ ಸ್ವಲ್ಪ ಬಂದೇ ಬರುತ್ತದೆ. ಅದೇ ನಮ್ಮ ಮನೆಗೆ ದೊಡ್ಡ ಆಪತ್ತಾಯಿತು. ಒಂದು ಸಂಜೆ, ನನಗೇ ಆಶ್ಚರ್ಯವಾಗುವಂತೆ, ಕವಾಯತಿನ ಧಾಟಿಯ ಮೊದಲ ಭಾಗ ಎಲ್ಲೂ ಮುಗ್ಗರಿಸದೆ ಹೊರಬಂತು. ಮುಗಿಸಿ ಕಿವಿಗೊಟ್ಟೆ. ಅತ್ತೆ ಏನೂ ಹೇಳಲಿಲ್ಲ. ಎರಡನೆಯ ಸಲ ಇನ್ನೂ ಚೆನ್ನಾಗಿ ಊದಿದೆ. ಅತ್ತೆ ಕಿಟಕಿಯ ಕಡೆ ತಿರುಗಿದರು. ರಾತ್ರಿ ಊಟಕ್ಕೆ ಕುಳಿತಾಗ ಮತ್ತೆ ಅದೇ ಹೂಂ, ಅದೇ ಬ್ಯಾಡ.

ರತ್ನ ನನ್ನನ್ನು ಹಿತ್ತಲಿಗೆ ಕರೆದಳು. “ರೀ, ನಾಳೆ ಒಸಿ ತಪ್ಪೂದಿ” ಎಂದಳು.

“ಏನೇ ಹಂಗಂದ್ರೆ? ಅಲ್ಲಿ ಮಕ್ಕಳಿಗೆ ಸರಿಯಾಗಿ ಕಲಿಸ್ಬೇಕು ಕಣೇ ನಾನು.”

“ಮಕ್ಕಳಿಗೆ ಸರಿಯಾಗಿ ಊದಿ. ಇಲ್ಲಿ ತಪ್ಪೂದಿ. ಅದೇನ್ ಅಷ್ಟು ಕಷ್ಟ? ಇಷ್ಟು ದಿನ ಚೆನ್ನಾಗೇ ಮಾಡ್ತಿದ್ರಲ್ಲ” ಎಂದಳು.

ಸಂಗೀತದ ಇತಿಹಾಸದಲ್ಲಿ ಹೀಗೆ ಬೇಡಿಕೆಯ ಮೇಲೆ ಅಪಸ್ವರ ಊದಿದ ಕಲಾವಿದ ನಾನೊಬ್ಬನೇ ಇರಬೇಕು. ಮರುದಿನ ಧಾಟಿಯ ನಡುವೆ, ಏರುವ ಕಡೆ, ಬೇಕೆಂದೇ ಜಾರಿದೆ. “ಅಕೋ, ಬಿದ್ದ” ಎಂದರು ಅತ್ತೆ ತೃಪ್ತಿಯಿಂದ, ಮತ್ತೆ ಹಳೆಯ ಮಾತು ಶುರುವಾಯಿತು. ನಾನು ಇದನ್ನೇ ಒಂದು ಪದ್ಧತಿ ಮಾಡಿಕೊಂಡೆ. ಆದರೆ ಬೇಕೆಂದೇ ಮಾಡಿದ ತಪ್ಪು ಬೇಡವೆಂದಾಗ ಹೋಗುವುದಿಲ್ಲ. ಶಾಲೆಯಲ್ಲಿ ಒಂಬತ್ತನೇ ತರಗತಿಯ ಮೂವರು ಹುಡುಗಿಯರಿಗೆ ಟ್ರಂಪೆಟ್ ಕಲಿಸುತ್ತಿದ್ದೆನಲ್ಲ, ಅಲ್ಲೂ ಅದೇ ಜಾಗಕ್ಕೆ ಬಂದಾಗ ನನ್ನ ತುಟಿ ತಾನಾಗಿಯೇ ಜಾರಿತು. ಸಮೀಕರಣ ಬಿಡಿಸುವುದನ್ನು ಎಷ್ಟು ಹೇಳಿದರೂ ಕಲಿಯದ ಮಕ್ಕಳು ಈ ತಪ್ಪನ್ನು ಒಂದೇ ಪಾಠಕ್ಕೆ ಕಲಿತುಬಿಟ್ಟರು. “ಸಾರ್, ಇಲ್ಲಿ ಹಿಂಗೇ ಬೀಳ್ಬೇಕಲ್ವಾ ಸಾರ್?” ಎಂದು ಅವರಲ್ಲೊಬ್ಬಳು ವಿನಯದಿಂದ ಕೇಳಿದಳು. ಹೌದಮ್ಮ ಎನ್ನದೆ ಬೇರೆ ದಾರಿ ಇರಲಿಲ್ಲ. ಮನೆಗೆ ತಪ್ಪು ಬೇಕು, ಶಾಲೆಗೆ ಸರಿ ಬೇಕು, ಬಾಯಿ ಒಂದೇ ಇದೆ.

ಈ ಸಂಕಟದಿಂದ ನನ್ನನ್ನು ಪಾರು ಮಾಡಿದವರು, ನನ್ನ ಮೇಲೆ ಜಗಳಕ್ಕೆ ಬಂದ ಪಕ್ಕದ ಮನೆಯ ಕಾಳೇಗೌಡರು. ಅವರದು ಪಿರಿಯಾಪಟ್ಟಣದ ಹಾರನಹಳ್ಳಿ ಕಡೆ ತಂಬಾಕಿನ ಹೊಲ. ವಾಸ ಮಾತ್ರ ಇಲ್ಲಿ. ಮನೆಯ ಹಿಂದೆ ಒಂದು ಸೀಮೆ ಹಸು ಕಟ್ಟಿಕೊಂಡಿದ್ದಾರೆ. ಒಂದು ಸಂಜೆ ಗೇಟಿನ ಹತ್ತಿರ ನಿಂತು, “ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ನೀವು ಊದಕ್ಕೆ ಶುರು ಮಾಡ್ದಾಗ್ನಿಂದ ನಮ್ಮ ಅಸ ಹಾಲು ಇಳಿಸ್ಬುಡ್ತು ಕಣ್ರೀ. ಡೈರಿಗೆ ಹಾಕಕ್ಕೇ ಆಯ್ತಿಲ್ಲ” ಎಂದರು.

ನಾನು ಕ್ಷಮೆ ಕೇಳಲು ಬಾಯಿ ತೆರೆಯುತ್ತಿದ್ದೆ. ನನ್ನ ಹಿಂದಿನಿಂದ ಅತ್ತೆಯ ದನಿ ಬಂತು. ಅವರು ಕಿಟಕಿ ಬಿಟ್ಟು ಎದ್ದು ಬಾಗಿಲಿಗೆ ಬಂದಿದ್ದರು.

“ಅದು ಗಬ್ಬದ ಅಸ ಅಲ್ವಾ ಗೌಡ್ರೆ?”

“ಊಂ ಕಣವ್ವ.”

“ಎಂಟು ತುಂಬಿ ಒಂಬತ್ತಕ್ಕೆ ಬಿದ್ದದೆ. ಕಿಟಕೀಲಿ ದಿನಾ ನೋಡ್ತೀನಲ್ಲ. ಈಗ ಹಾಲು ಇಳೀದೆ ಏರ್ತದಾ? ಇಷ್ಟೊತ್ಗೆ ನೀವೇ ಹಾಲು ಬತ್ತಿಸ್ಬೇಕಾಗಿತ್ತು. ಇನ್ನೂ ಕರೀತಾ ಕುಂತಿದ್ದೀರಲ್ಲ, ಒಟ್ಟೇಲಿರೋ ಕರುಗೆ ಏನ್ ಉಳೀತದೆ? ನಮ್ಮಳಿಯಂದ್ರು ಊದೋದು ಕೆಟ್ಟದಾಗಿ ಅದೆ, ಅದ್ನ ನಾನೂ ಒಪ್ತೀನಿ. ಅಂಗಂತ ಅಸೀನ ತಪ್ಪ ಅವರ ಮ್ಯಾಲೆ ಹಾಕ್ಬೇಡಿ.”

ಕಾಳೇಗೌಡರು ಜಗಳ ಮರೆತು, “ಈಗೇನ್ ಮಾಡನಾ ಅಂತೀರವ್ವ?” ಎಂದು ಕೇಳಿದರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಗೇಟು ದಾಟಿ ಅವರ ಕೊಟ್ಟಿಗೆಗೆ ನಡೆದೇಬಿಟ್ಟರು. ನಮ್ಮ ಮನೆಗೆ ಬಂದ ಮೇಲೆ ಡಾಕ್ಟರ ಹತ್ತಿರ ಹೋದದ್ದು ಬಿಟ್ಟರೆ ಅವರು ಗೇಟು ದಾಟಿದ್ದು ಅದೇ ಮೊದಲು. ರತ್ನ ನನ್ನ ತೋಳು ಹಿಡಿದುಕೊಂಡು ನೋಡುತ್ತ ನಿಂತಳು. ಅವರು ವಾಪಸು ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಬಂದವರೇ ಹಿಂಡಿ, ಬೂಸ, ಹುಲ್ಲು, ಆ ಹಸುವಿನ ಬಾಲದ ಬುಡ, ಅದರ ಸ್ವಭಾವ ಎಂದು ಮಗಳ ಹತ್ತಿರ ಮಾತಾಡುತ್ತಲೇ ಇದ್ದರು.

ಅಂದಿನಿಂದ ಅತ್ತೆ ದಿನವೂ ಪಕ್ಕದ ಮನೆಗೆ ಹೋಗತೊಡಗಿದರು. ನನಗೆ ತಪ್ಪು ಊದುವ ಹೊಣೆ ತಪ್ಪಿತು. ಇನ್ನು ನಿಶ್ಚಿಂತೆಯಿಂದ ಸರಿಯಾಗಿ ಅಭ್ಯಾಸ ಮಾಡಬಹುದಿತ್ತು, ಮಾಡಿದೆ ಕೂಡ. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು, ಅದರಲ್ಲಿ ರುಚಿ ಇರಲಿಲ್ಲ. ಕಿಟಕಿಯ ಪಕ್ಕದ ಕುರ್ಚಿ ಖಾಲಿ. ರತ್ನ ಕೂಡ ಅವ್ವನ ಹಿಂದೆಯೇ ಕೊಟ್ಟಿಗೆಗೆ. ನಾನು ಊದುತ್ತೇನೆ, ದೊರೆ ಬ್ಯೂಟಿಫುಲ್ ಎನ್ನುತ್ತಾನೆ. ಬೈಯುವವರು ಹತ್ತಿರವಿದ್ದಾಗ ಆ ಹೊಗಳಿಕೆಗೆ ಒಂದು ಬೆಲೆ ಇತ್ತು. ಈಗ ಅದು ಬ್ಯಾಂಕಿನವರು ಕಳಿಸುವ ಹುಟ್ಟುಹಬ್ಬದ ಮೆಸೇಜಿನಂತೆ ಕಾಣತೊಡಗಿತು. ಒಂದೆರಡು ಸಲ ಪಕ್ಕದ ಕೊಟ್ಟಿಗೆಗೆ ಕೇಳಲಿ ಎಂದು ಗಟ್ಟಿಯಾಗಿ ಜಾರಿ ನೋಡಿದೆ. ಆ ಕಡೆಯಿಂದ ಯಾರೂ ಏನೂ ಅನ್ನಲಿಲ್ಲ. ಹಸುವೂ ಕೂಡ.

ಸ್ವಾತಂತ್ರ್ಯ ದಿನ ಬಂತು. ನಮ್ಮ ಹುಡುಗಿಯರ ಟ್ರಂಪೆಟ್ಟು ಮೈದಾನಕ್ಕೆ ಸಾಲದು, ನೀವೂ ಜೊತೆಗೆ ಊದಿಕೊಂಡು ನಡೆಯಿರಿ ಎಂದು ಹೆಡ್ ಮೇಡಂ ಅಪ್ಪಣೆ ಮಾಡಿದ್ದರು. ಬಿಳಿ ಪ್ಯಾಂಟು, ಬಿಳಿ ಅಂಗಿ, ತಲೆಗೆ ಕೆಂಪು ಟೋಪಿ. ಕನ್ನಡಿಯಲ್ಲಿ ನೋಡಿಕೊಂಡಾಗ ಯಾವುದೋ ಹಳೆಯ ಹೋಟೆಲಿನ ಬಾಗಿಲು ಕಾಯುವವನಂತೆ ಕಂಡೆ. ಅತ್ತೆಗೂ ರತ್ನಳಿಗೂ ಮೈದಾನಕ್ಕೆ ಬನ್ನಿ ಎಂದು ಹಿಂದಿನ ದಿನವೇ ಹೇಳಿದ್ದೆ. ಬೆಳಿಗ್ಗೆ ಹೊರಡುವಾಗ ಇಬ್ಬರೂ ಮನೆಯಲ್ಲಿರಲಿಲ್ಲ. ಕಾಳೇಗೌಡರ ಕೊಟ್ಟಿಗೆಯಿಂದ ರತ್ನ ಕೂಗಿ, “ಅಸ ನೋವು ತಿಂತಾ ಅದೆ ಕಣ್ರೀ, ನೀವು ಹೋಗಿರಿ” ಎಂದಳು.

ಮೈದಾನದಲ್ಲಿ ಏನಾಯಿತು ಎಂದರೆ, ಡ್ರಮ್ಮಿನವರು ಉತ್ಸಾಹದಲ್ಲಿ ಓಡತೊಡಗಿದರು. ಸಮಾಜ ವಿಜ್ಞಾನದ ಮೇಷ್ಟ್ರು ಪಕ್ಕದಲ್ಲಿ ಓಡುತ್ತ ನಿಧಾನ ನಿಧಾನ ಎಂದು ಕೈ ಬೀಸುತ್ತಿದ್ದರು. ನಾವು ವೇದಿಕೆಯ ಮುಂದೆ ಬರುವ ಹೊತ್ತಿಗೆ ಸರಿಯಾಗಿ ಮೈಕಿನವನು ಗಣ್ಯರ ಹೆಸರುಗಳನ್ನು ಓದಲು ಶುರು ಮಾಡಿದ. ನಮ್ಮ ಧಾಟಿ ಮುಗಿದರೂ ಗಣ್ಯರು ಮುಗಿಯಲಿಲ್ಲ. ಅದಿರಲಿ. ಎರಡನೆಯ ಭಾಗದಲ್ಲಿ, ಒದ್ದೆ ನೆಲದಲ್ಲಿ ಕಾಲು ಜಾರಿ, ನನ್ನ ಉಸಿರು ತಪ್ಪಿತು. ಬೇಕೆಂದು ಅಲ್ಲ, ನಿಜವಾಗಿಯೇ ತಪ್ಪಿತು. ಟ್ರಂಪೆಟ್ ಬಾಯಿಯಿಂದ ಸರಿದು, ಧಾಟಿಯ ಯಾವ ಜಾಗದಲ್ಲಿದ್ದೇವೆಂದೇ ತಿಳಿಯದೆ ಸುಮ್ಮನೆ ನಡೆಯುತ್ತಿದ್ದೆ. ಮನೆಯಲ್ಲಾಗಿದ್ದರೆ ಇಷ್ಟರಲ್ಲಿ ದೊರೆ ಮುಂದೆ ಹೋಗಿ ಮುಗಿಸಿರುತ್ತಿದ್ದ. ಇಲ್ಲಿ ನನ್ನ ಪಕ್ಕದ ಹುಡುಗಿ ಓರೆಗಣ್ಣಿನಿಂದ ನನ್ನನ್ನು ನೋಡಿದಳು. ಮುಂದಕ್ಕೆ ಹೋಗದೆ ಅದೇ ಸಾಲನ್ನು ಮತ್ತೊಮ್ಮೆ ಊದಿದಳು. ಉಳಿದ ಇಬ್ಬರೂ ಅವಳನ್ನು ನೋಡಿ ಹಾಗೆಯೇ ಊದಿದರು. ನನ್ನ ಉಸಿರು ತಿರುಗಿ ಬರುವವರೆಗೂ ಆ ಸಾಲು ಸುತ್ತುತ್ತಲೇ ಇತ್ತು. ನಾನು ಸೇರಿಕೊಂಡ ಮೇಲೆ ನಾಲ್ವರೂ ಒಟ್ಟಿಗೆ ಮುಂದಕ್ಕೆ ಹೋದೆವು. ನೋಡಿದವರಿಗೆ ಇದು ತಿಳಿದಿರಲಾರದು. ದಾನಿಗಳು ಡ್ರಮ್ಮಿನ ಮೇಲಿನ ತಮ್ಮ ಹೆಸರಿನ ಫೋಟೋ ತೆಗೆಸುತ್ತಿದ್ದರು.

ಇದನ್ನು ಮನೆಯವರಿಗೆ ಹೇಳಬೇಕೆಂದು ಎದೆ ತುಂಬಿಕೊಂಡು ಬಂದೆ. ಮನೆಗೆ ಬೀಗ. ಟೋಪಿ ಹಾಕಿಕೊಂಡೇ, ಟ್ರಂಪೆಟ್ ಹಿಡಿದುಕೊಂಡೇ ಕಾಳೇಗೌಡರ ಕೊಟ್ಟಿಗೆಯ ಬಾಗಿಲಿಗೆ ಹೋದೆ. ಕರುವಿನ ಮುಂಗಾಲುಗಳು ಆಗಲೇ ಕಾಣಿಸುತ್ತಿದ್ದವು. ಕಾಳೇಗೌಡರು ಬೆವರುತ್ತ ನಿಂತಿದ್ದರು, ರತ್ನ ಹಸುವಿನ ತಲೆಯ ಕಡೆ ಇದ್ದಳು. ಅತ್ತೆ ಮೊಣಕೈವರೆಗೆ ಎಣ್ಣೆ ಹಚ್ಚಿಕೊಂಡು ಕುಳಿತಿದ್ದವರು ತಲೆ ಎತ್ತಿ ನನ್ನನ್ನು ನೋಡಿದರು. ಮಗಳ ಕಡೆ ತಿರುಗಲಿಲ್ಲ.

“ಅಳಿಯಂದ್ರೆ, ಅದ್ನ ಅತ್ಲಾಗ್ ಮಡಗಿ, ಒಲೆ ಮ್ಯಾಲೆ ಬಿಸ್ನೀರದೆ, ಬಿರ್‍ರನೆ ತಕ್ಕೊಂಡ್ ಬನ್ನಿ” ಎಂದರು.

ಟ್ರಂಪೆಟ್ಟನ್ನು ಹುಲ್ಲಿನ ಮೇಲಿಟ್ಟು ಓಡಿದೆ. ಬಿಳಿ ಪ್ಯಾಂಟಿಗೆ ಏನೇನು ಹತ್ತಿತು ಎಂಬುದನ್ನು ಇಲ್ಲಿ ವಿವರಿಸುವುದಿಲ್ಲ. ಸ್ವಲ್ಪ ಹೊತ್ತಿಗೆ ಹೆಣ್ಣು ಕರು ನೆಲಕ್ಕೆ ಬಿತ್ತು. ಅತ್ತೆ ಅದರ ಮೂಗು ಒರೆಸಿ, ಒಂದು ಹುಲ್ಲುಕಡ್ಡಿಯಿಂದ ಕೆಣಕಿದರು. ಅದು ಸೀನಿತು. ಆಮೇಲೆ ಒಂದು ದನಿ ತೆಗೆಯಿತು. ಕಾಳೇಗೌಡರು ಗೋಡೆಗೆ ಒರಗಿ ಕುಳಿತುಬಿಟ್ಟರು.

ಎರಡು ದಿನ ಬಿಟ್ಟು ಅವರ ಮನೆಯಿಂದ ಗಿಣ್ಣಿನ ಹಾಲು ಬಂತು. ರತ್ನ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡಿದಳು. ಮೂವರೂ ಊಟಕ್ಕೆ ಕುಳಿತೆವು. ಅತ್ತೆ ಹಸು ಈದ ಕಥೆಯನ್ನು ಮೊದಲಿನಿಂದ ಹೇಳಲು ಶುರು ಮಾಡಿದರು, ಊಟದ ಹೊತ್ತಿನಲ್ಲಿ ಹೇಳಬಾರದ ವಿವರಗಳನ್ನೂ ಬಿಡದೆ. ನಾವಿಬ್ಬರೂ ಅಲ್ಲೇ ಇದ್ದೆವೆಂಬುದು ಅವರಿಗೆ ಅಡ್ಡಿಯಾಗಲಿಲ್ಲ. ಮಾವನ ಕಾಲದ ಇನ್ನೊಂದು ಹಸುವಿನ ಕಥೆ ನಡುವೆ ಬಂತು. ಮಾವನ ಮಾತು ಬಂದಾಗ ಅವರು ನೀರು ಕುಡಿದರು, ಮತ್ತೆ ಮುಂದುವರಿಸಿದರು. ರತ್ನ ತಟ್ಟೆಯಲ್ಲಿ ಕೈಯಿಟ್ಟುಕೊಂಡು ಕೇಳುತ್ತಿದ್ದಳು.

ನನ್ನ ಹತ್ತಿರವೂ ಒಂದು ಕಥೆ ಇತ್ತು. ಮೈದಾನದ್ದು, ಆ ಮೂವರು ಹುಡುಗಿಯರದ್ದು. ನಡುವೆ ಒಂದೆರಡು ಸಲ ಬಾಯಿ ತೆರೆದೆ. ಆಮೇಲೆ ಯೋಚಿಸಿದೆ: ಒಂದು ಮನೆಯಲ್ಲಿ ಒಂದು ಸಲಕ್ಕೆ ಒಬ್ಬರು ಊದಿದರೆ ಸಾಕು. ತಟ್ಟೆಯನ್ನು ಮುಂದಕ್ಕೆ ಚಾಚಿ, ಇನ್ನೊಂದಿಷ್ಟು ಗಿಣ್ಣು ಹಾಕಿಸಿಕೊಂಡೆ.